ಹಳೆಯ ಮರದ ಬೋಟು, ಅದರ ಒಳಗಿನ ಎಂಜಿನ್: ಯಾವ ಕೆಲಸ ಮೊದಲು, ಯಾವುದು ಕೊನೆಗೆ

ಹೊಸದಾಗಿ ಬಣ್ಣ ಬಳಿದ ಬೋಟು ಹೊಳೆಗೆ ಇಳಿದ ಒಂದು ಗಂಟೆಯಲ್ಲೇ ಮೊಣಕಾಲಿನಷ್ಟು ನೀರು ತುಂಬಿಕೊಳ್ಳುತ್ತದೆ. ಹೊಸ ಪಿಸ್ಟನ್ ಹಾಕಿದ ಎಂಜಿನ್ ದಡದಲ್ಲಿ ಸದ್ದಿಲ್ಲದೆ ಓಡಿ, ನೀರಿನಲ್ಲಿ ಗೇರ್ ಹಾಕಿದೊಡನೆ ಇಡೀ ಬೋಟನ್ನು ನಡುಗಿಸುತ್ತದೆ. ಮೂರನೆಯ ವಾರಕ್ಕೆ, ಎಂಜಿನ್ನಿನಿಂದ ಪ್ರೊಪೆಲ್ಲರ್‌ಗೆ ಹೋಗುವ ಶಾಫ್ಟ್ ಬೋಟಿನಿಂದ ಹೊರಬೀಳುವಲ್ಲಿ ನೀರು ತಡೆಯುವ ಗ್ಲ್ಯಾಂಡ್ ಸೋರುತ್ತದೆ, ಆರನೆಯ ವಾರಕ್ಕೆ ಗೇರ್‌ಬಾಕ್ಸಿನ ಆಯಿಲ್ ಸೀಲ್ ಹೋಗುತ್ತದೆ. ಮಲ್ಪೆಯಿಂದ ಹಂಗಾರಕಟ್ಟೆಯವರೆಗೆ, ಇತ್ತ ಮಂಗಳೂರಿನ ಬೆಂಗ್ರೆಯವರೆಗೆ ನನ್ನನ್ನು ಕರೆದು ತೋರಿಸಿದ ಬೋಟುಗಳಲ್ಲಿ ಹೆಚ್ಚಿನವುಗಳ ಕಥೆ ಇದೇ. ಕೆಲಸ ಮಾಡಿದವರಲ್ಲಿ ಶ್ರದ್ಧೆಗೆ ಕೊರತೆ ಇರಲಿಲ್ಲ, ಹಣವನ್ನೂ ಸುರಿದಿದ್ದರು. ತಪ್ಪಿದ್ದು ಕೆಲಸದ ಕ್ರಮ. ಎಂಜಿನ್ ಮೊದಲು, ಬಣ್ಣ ಆಮೇಲೆ, ಮರ ಕೊನೆಗೆ ಎಂದು ಹೊರಟವರೇ ಹೆಚ್ಚು. ಆಗಬೇಕಾದದ್ದು ಇದರ ತಿರುವುಮುರುವು: ಮೊದಲು ಮರ, ಆಮೇಲೆ ಎಂಜಿನ್, ಎಲ್ಲಕ್ಕಿಂತ ಕೊನೆಗೆ, ಅದೂ ನೀರಿನ ಮೇಲೆಯೇ, ಶಾಫ್ಟ್ ಜೋಡಣೆ.

ಇಲ್ಲಿ ಹೇಳುವುದು 24ರಿಂದ 32 ಅಡಿ ಉದ್ದದ, ಪಕ್ಕೆಮರಗಳ ಮೇಲೆ ಹಲಗೆ ಹೊಡೆದು ಕಟ್ಟಿದ, ಒಂದು ಅಥವಾ ಎರಡು ಸಿಲಿಂಡರಿನ ನೀರಿನಿಂದ ತಂಪಾಗುವ ಡೀಸೆಲ್ ಎಂಜಿನ್ ಇರುವ ಬೋಟಿನ ವಿಚಾರ. ಒಂದೇ ಮರವನ್ನು ಕೊರೆದು ಮಾಡಿದ ದೋಣಿಗೆ ಹಲಗೆ, ಸಂದುಗಳ ಭಾಗ ಅನ್ವಯಿಸುವುದಿಲ್ಲ.

## ಕೆಲಸ ಶುರುಮಾಡುವ ತಿಂಗಳು

ನಮ್ಮ ಕರಾವಳಿಯಲ್ಲಿ ಯಾಂತ್ರೀಕೃತ ಮೀನುಗಾರಿಕೆಗೆ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ ನಿಷೇಧ. ದೊಡ್ಡ ಬೋಟುಗಳವರು ರಿಪೇರಿಗೆ ಆ ಎರಡು ತಿಂಗಳನ್ನೇ ನೆಚ್ಚಿಕೊಂಡಿರುತ್ತಾರೆ. ಅವರನ್ನು ನೋಡಿ ನೀವೂ ಜೂನ್‌ನಲ್ಲಿ ಬೋಟು ಮೇಲೆಳೆಯಬೇಡಿ. ಲೇತ್ ಅಂಗಡಿಯಲ್ಲಿ ಸರದಿ ಸಿಗುವುದಿಲ್ಲ, ಆಚಾರಿಯವರು ಬಿಡುವಾಗಿರುವುದಿಲ್ಲ. ಅದಕ್ಕಿಂತ ಮುಖ್ಯವಾಗಿ, ವರ್ಷಕ್ಕೆ 3,000 ಮಿ.ಮೀ.ಗೂ ಹೆಚ್ಚು ಮಳೆ ಬೀಳುವ ಈ ಊರಿನಲ್ಲಿ ಆಷಾಢದ ಗಾಳಿಗೆ ಮರ ಒಣಗುವುದಿಲ್ಲ, ಹಸಿ ಮರಕ್ಕೆ ಬಣ್ಣ ಹಿಡಿಯುವುದಿಲ್ಲ.

ದೀಪಾವಳಿ ಕಳೆದು ನವೆಂಬರ್‌ನಲ್ಲಿ ಮೇಲೆಳೆಯಿರಿ. ಜನವರಿ ಕೊನೆಯೊಳಗೆ ಮರದ ಕೆಲಸ, ಫೆಬ್ರವರಿಯಲ್ಲಿ ಎಂಜಿನ್, ಮಾರ್ಚ್‌ನಲ್ಲಿ ನೀರಿಗೆ. ಏಪ್ರಿಲ್, ಮೇ ತಿಂಗಳ ಬಿಸಿಲಿಗೆ ಬೋಟು ದಡದಲ್ಲೇ ಉಳಿದರೆ ಹಲಗೆ ಒಣಗಿ, ಸಂದುಗಳು ಬೆರಳ ಉಗುರು ತೂರುವಷ್ಟು ಬಾಯಿಬಿಡುತ್ತವೆ. ನೆರಳು ಕಡ್ಡಾಯ. ತೆಂಗಿನ ತೋಟದ ನೆರಳು ಸಾಲದು, ಮೇಲೊಂದು ಚಪ್ಪರ ಬೇಕು. ಟಾರ್ಪಾಲನ್ನು ಬೋಟಿಗೆ ಸುತ್ತಿ ಕಟ್ಟಿಬಿಡಬೇಡಿ. ಗಾಳಿ ಆಡದಿದ್ದರೆ ಒಳಗೆ ಬೂಸ್ಟು ಹಿಡಿಯುತ್ತದೆ.

## ಕೈಗೆ ಬೇಕಾದ ಸಾಮಾನು

ಮರಕ್ಕೆ: ಸಣ್ಣ ಸುತ್ತಿಗೆ, ಚೂಪಾದ ದಬ್ಬಣ, ಉಳಿಗಳು, ಕೊಡತಿ, ಬಾಚಿ, ಹಲಗೆಗಳ ಸಂದಿಗೆ ಹತ್ತಿ ತುರುಕುವ ಮೊಂಡು ಉಳಿ, ಸಂದಿನ ಹಳೆಯ ಹತ್ತಿ ಎಳೆಯಲು ಕೊಕ್ಕೆ, ಉದ್ದನೆಯ ನೈಲಾನ್ ದಾರ. ಹಳೆಯ ಅರವನ್ನು ಬಗ್ಗಿಸಿ ಕೊಕ್ಕೆ ಮಾಡಿಕೊಳ್ಳಬಹುದು.

ಎಂಜಿನ್‌ಗೆ: ಒಂದು ಟನ್ನಿನ ಚೈನ್ ಬ್ಲಾಕ್, ಬೋಲ್ಟಿನ ಬಿಗಿ ಅಳೆಯುವ ಟಾರ್ಕ್ ರೆಂಚ್, ಸಣ್ಣ ಅಂತರ ಅಳೆಯುವ ಫೀಲರ್ ಗೇಜ್, ಹೊರಮೈ ಅಳೆಯುವ ಮೈಕ್ರೋಮೀಟರ್, ಸಿಲಿಂಡರಿನ ಒಳಮೈ ಅಳೆಯುವ ಬೋರ್ ಗೇಜ್, ರಿಂಗ್ ಹಾಕುವ ಪಟ್ಟಿ, ನಿಮ್ಮ ಎಂಜಿನ್ನಿನದೇ ಮಾದರಿಯ ಕೈಪಿಡಿ. ಬೋರ್ ಗೇಜ್ ಕೊಳ್ಳಬೇಕಾಗಿಲ್ಲ, ಲೇತ್ ಅಂಗಡಿಯಲ್ಲಿ ಅಳೆಸಬಹುದು. ಕೈಪಿಡಿಯನ್ನು ಮಾತ್ರ ಬಿಡಬೇಡಿ. ಕೆಳಗೆ ನಾನು ಕೊಡುವ ಅಂಕಿಗಳು ಅಂದಾಜಿನ ಹಿಡಿತಕ್ಕೆ. ಕೈಪಿಡಿಯಲ್ಲಿ ಬೇರೆ ಇದ್ದರೆ ಅದನ್ನೇ ಹಿಡಿಯಿರಿ.

## ಹಂತ 1: ಮೇಲೆಳೆದು ಸರಿಯಾಗಿ ಕೂರಿಸುವುದು

ಬೋಟಿನ ಭಾರವೆಲ್ಲ ಅಡಿಮರದ ಮೇಲೆ, ಅಂದರೆ ಕೀಲ್ ಮೇಲೆ ಕೂರಬೇಕು. ಐದೈದು ಅಡಿಗೊಂದು ದಿಮ್ಮಿ ಇಡಿ. ಪಕ್ಕದ ಊರುಗೋಲುಗಳು ಬೋಟು ವಾಲದಂತೆ ತಡೆಯಲು ಮಾತ್ರ. ಅವಕ್ಕೆ ಭಾರ ಬಿದ್ದರೆ ಹಲಗೆ ಒಳಕ್ಕೆ ತಗ್ಗುತ್ತದೆ, ಆ ಜಾಗದ ಪಕ್ಕೆಮರ ಸೀಳುತ್ತದೆ.

ಕೂರಿಸಿದ ಮೇಲೆ ಮೂತಿಯಿಂದ ಹಿಂಬದಿಯವರೆಗೆ ಅಡಿಮರದ ಪಕ್ಕದಲ್ಲಿ ದಾರ ಬಿಗಿದು ಕಟ್ಟಿ. ಪ್ರತಿ ಎರಡು ಅಡಿಗೊಮ್ಮೆ ದಾರಕ್ಕೂ ಮರಕ್ಕೂ ಇರುವ ಅಂತರವನ್ನು ಅಳೆದು ಬರೆದಿಡಿ. ಹಳೆಯ ಬೋಟುಗಳಲ್ಲಿ ಎರಡೂ ತುದಿ ಜಗ್ಗಿ ನಡು ಉಬ್ಬಿರುವುದು ಸಾಮಾನ್ಯ. ಇದನ್ನು ಒಂದೇ ದಿನ ಜಾಕಿ ಕೊಟ್ಟು ನೇರ ಮಾಡಲು ಹೋಗಬೇಡಿ. ತುದಿಗಳ ಕೆಳಗೆ ಬೆಣೆ ಹೊಡೆದು ವಾರಕ್ಕೆ ನಾಲ್ಕೈದು ಮಿ.ಮೀ. ಮಾತ್ರ ಎತ್ತುತ್ತಾ ಬನ್ನಿ. ಮೊಳೆಯ ಸುತ್ತ ಹೊಸ ಬಿರುಕು ಕಂಡರೆ ಅಲ್ಲಿಗೇ ನಿಲ್ಲಿಸಿ. ಈ ಆಕಾರ ಸರಿಯಾಗುವ ಮೊದಲು ಒಂದು ಹಲಗೆಯನ್ನೂ ಬಿಚ್ಚಬಾರದು. ಡೊಂಕು ಬೋಟಿಗೆ ಹೊಸ ಹಲಗೆ ಹೊಡೆದರೆ ಆ ಡೊಂಕು ಶಾಶ್ವತ.

## ಹಂತ 2: ಎಂಜಿನ್ ಎತ್ತುವ ಮೊದಲು

ಎಂಜಿನ್ ಓಡುವ ಸ್ಥಿತಿಯಲ್ಲಿದ್ದರೆ, ಹಂತ 1ಕ್ಕೂ ಮೊದಲು, ಬೋಟು ಇನ್ನೂ ನೀರಿನಲ್ಲಿರುವಾಗಲೇ ಇಪ್ಪತ್ತು ನಿಮಿಷ ಓಡಿಸಿ. ಆಯಿಲ್ ಒತ್ತಡ, ಹೊಗೆಯ ಬಣ್ಣ, ಬಿಸಿ, ಸದ್ದು ಎಲ್ಲವನ್ನೂ ಬರೆದುಕೊಳ್ಳಿ. ಬಿಚ್ಚಿದ ಮೇಲೆ ಈ ಮಾಹಿತಿ ಮತ್ತೆ ಸಿಗುವುದಿಲ್ಲ.

ಹೊಗೆಯನ್ನು ಓದಲು ಕಲಿಯಿರಿ. ನೀಲಿ ಹೊಗೆ ಎಂದರೆ ಆಯಿಲ್ ಉರಿಯುತ್ತಿದೆ: ಪಿಸ್ಟನ್ ರಿಂಗ್, ಲೈನರ್ (ಪಿಸ್ಟನ್ ಓಡಾಡುವ ಸಿಲಿಂಡರಿನ ಒಳಗೋಡೆ) ಅಥವಾ ವಾಲ್ವ್ ಗೈಡ್ ಸವೆದಿದೆ. ಬಿಸಿಯಾದ ಮೇಲೂ ನಿಲ್ಲದ ಬಿಳಿ ಹೊಗೆ ಎಂದರೆ ಡೀಸೆಲ್ ಪೂರ್ತಿ ಉರಿಯುತ್ತಿಲ್ಲ, ಇಲ್ಲವೇ ಸಿಲಿಂಡರಿಗೆ ನೀರು ಬರುತ್ತಿದೆ. ಕಪ್ಪು ಹೊಗೆ ಕಂಡೊಡನೆ ಎಂಜಿನ್ ಬಿಚ್ಚುವವರಿದ್ದಾರೆ. ಬೋಟಿನಲ್ಲಿ ಕಪ್ಪು ಹೊಗೆಗೆ ಎಷ್ಟೋ ಸಲ ಕಾರಣ ಎಂಜಿನ್ ಅಲ್ಲವೇ ಅಲ್ಲ. ಅಡಿಯಲ್ಲಿ ಬೆಳೆದ ಚಿಪ್ಪು, ಅಳತೆ ಮೀರಿದ ಫ್ಯಾನ್ (ಪ್ರೊಪೆಲ್ಲರ್), ಕಟ್ಟಿದ ಗಾಳಿ ಸೋಸುಕ ಇವುಗಳನ್ನು ಮೊದಲು ನೋಡಿ.

ಸಿಕ್ಕಿಕೊಂಡು ನಿಂತ ಎಂಜಿನ್ನನ್ನು ಬ್ಯಾಟರಿ ಕೊಟ್ಟು ತಿರುಗಿಸಲು ಹೋಗಬೇಡಿ. ಸಿಲಿಂಡರಿನಲ್ಲಿ ನೀರಿದ್ದರೆ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಇಂಜೆಕ್ಟರ್ ತೆಗೆದು, ಡೀಸೆಲ್ ಮತ್ತು ಆಯಿಲ್ ಸಮ ಬೆರೆಸಿ ಒಳಗೆ ಸುರಿದು, ನಾಲ್ಕು ದಿನ ಬಿಟ್ಟು ಕೈಯಿಂದ ಹಿಂದೆ ಮುಂದೆ ಅಲುಗಿಸಿ ನೋಡಿ.

ಎತ್ತುವ ಮೊದಲು ಎಂಜಿನ್ ಕೂರುವ ಮರದ ಮೇಲೆ ಕಾಲುಗಳ ಜಾಗವನ್ನು ಕೊರೆದು ಗುರುತಿಸಿ. ಕಾಲುಗಳ ಕೆಳಗಿನ ತೆಳು ತಗಡುಗಳು ಯಾವ ಕಾಲಿನವು ಎಂದು ಕಟ್ಟಿ ಚೀಟಿ ಹಾಕಿ. ಎಂಜಿನ್ ನಂಬರನ್ನು ಉಜ್ಜಿ ಅಳಿಸಬೇಡಿ, ಬೋಟಿನ ಕಾಗದಪತ್ರಗಳಿಗೆ ಅದು ಬೇಕು. ಎಂಜಿನ್ ಹೊರಬಂದ ಮರುದಿನ ದಾರದ ಅಳತೆಯನ್ನು ಮತ್ತೊಮ್ಮೆ ನೋಡಿ. ಭಾರ ಇಳಿದ ಬೋಟು ಸ್ವಲ್ಪ ಮೈ ಬದಲಿಸಿರುತ್ತದೆ.

## ಹಂತ 3: ಕೊಳೆತ ಮರ ಹುಡುಕುವುದು

ಇಲ್ಲಿ ಎರಡು ದಿನ ಕೊಡಿ. ಅವಸರ ಮಾಡಿದವರು ಇಲ್ಲಿಯೇ ಸೋಲುತ್ತಾರೆ.

ಕೋಡಿಬೆಂಗ್ರೆಯ ಬಳಿ 28 ಅಡಿಯ ಬೋಟೊಂದನ್ನು ನೋಡಲು ನಾನೂ ಒಬ್ಬ ಹಿರಿಯ ಆಚಾರಿಯವರೂ ಹೋಗಿದ್ದೆವು. ಹೊರಮೈ ಕನ್ನಡಿಯಂತಿತ್ತು. ಅವರು ಒಳಗಿಳಿದು, ಅಡಿಮರಕ್ಕೆ ತಾಗಿದ ಮೊದಲ ಹಲಗೆಯ ಉದ್ದಕ್ಕೂ ಸಣ್ಣ ಸುತ್ತಿಗೆಯಿಂದ ತಟ್ಟುತ್ತಾ ಹೋದರು. ಟಣ್, ಟಣ್, ಟಣ್. ಎಂಜಿನ್ ಮರದ ಹಿಂದೆ ಬಂದಾಗ ಸದ್ದು ಗೋಣಿಚೀಲಕ್ಕೆ ಹೊಡೆದಂತಾಯಿತು. ದಬ್ಬಣ ಒತ್ತಿದರೆ ಹಿಡಿಯವರೆಗೆ ಇಳಿಯಿತು, ಎಳೆದಾಗ ತುದಿಯಿಂದ ಕಪ್ಪು ನೀರು ಜಿನುಗಿತು. "ಮಾರಾಯರೇ, ಬಣ್ಣ ನೋಡಬೇಡಿ, ಮೊಳೆ ನೋಡಿ" ಎಂದರು. ಕಬ್ಬಿಣದ ಮೊಳೆಯ ಸುತ್ತ ಒಂದು ರೂಪಾಯಿ ನಾಣ್ಯದಗಲ ಮರ ಕಪ್ಪಾಗಿ, ಉಗುರಿನಿಂದ ಕೆರೆದರೆ ಹುಡಿಯಾಗುತ್ತಿತ್ತು. ತುಕ್ಕು ಮೊಳೆಯನ್ನಷ್ಟೇ ತಿನ್ನುವುದಿಲ್ಲ, ಅದನ್ನು ಹಿಡಿದ ಮರವನ್ನೂ ತಿನ್ನುತ್ತದೆ.

ಮರ ಕೊಳೆಯುವುದು ಉಪ್ಪುನೀರಿನಿಂದಲ್ಲ, ಮಳೆನೀರಿನಿಂದ. ಆದ್ದರಿಂದ ಮೇಲಿನಿಂದ ಮಳೆ ಇಳಿದು ನಿಲ್ಲುವ ಜಾಗಗಳನ್ನು ಮೊದಲು ನೋಡಿ: ಡೆಕ್ ಮತ್ತು ಬದಿಹಲಗೆ ಸೇರುವ ಮೂಲೆ, ಹಿಂಬದಿ ಹಲಗೆಯ ಕೆಳತುದಿ, ಎಂಜಿನ್ ಮರದ ಅಡಿ, ಪಕ್ಕೆಮರಗಳ ಬುಡ. ಅಳಿವೆಯ ಉಪ್ಪುನೀರಿನಲ್ಲಿ ಇದ್ದ ಬೋಟಾದರೆ ಮರ ಕೊರೆಯುವ ಹಡಗುಹುಳುವನ್ನೂ ಹುಡುಕಬೇಕು. ಹೊರಗೆ ಅದರ ತೂತು ಗುಂಡುಸೂಜಿಯ ತಲೆಯಷ್ಟೇ, ಒಳಗೆ ಬೆರಳು ದಪ್ಪದ ಸುರಂಗ. ಸಂಶಯ ಬಂದಲ್ಲಿ ಸಣ್ಣ ಡ್ರಿಲ್ ಇಳಿಸಿ ಹುಡಿ ನೋಡಿ: ಒಣ, ಮರದ ಬಣ್ಣದ, ಸುರುಳಿಯಾದ ಹುಡಿ ಬಂದರೆ ಮರ ಗಟ್ಟಿ, ಒದ್ದೆ ಕಪ್ಪು ಪುಡಿ ಬಂದರೆ ಹಲಗೆ ಹೋಗಿದೆ.

ಹಿತ್ತಾಳೆಯ ಸ್ಕ್ರೂ, ಹಿತ್ತಾಳೆಯ ವಾಲ್ವ್ ನೀರಿನ ಮಟ್ಟದ ಕೆಳಗಿದ್ದರೆ ಅರದಿಂದ ಗೀರಿ. ಹಳದಿ ಹೊಳೆದರೆ ಸರಿ. ಗುಲಾಬಿ ಬಣ್ಣ ಕಂಡರೆ ಅದರಲ್ಲಿದ್ದ ಸತುವನ್ನು ಉಪ್ಪುನೀರು ಕರಗಿಸಿದೆ, ಉಳಿದದ್ದು ರಸ್ಕಿನಂತೆ ಮುರಿಯುತ್ತದೆ. ಆ ಜಾಗಕ್ಕೆ ಕಂಚಿನದನ್ನೇ ಹಾಕಿ.

## ಹಂತ 4: ಮರ ಬದಲಿಸುವುದು

ಅಡಿಮರಕ್ಕೆ, ಪಕ್ಕೆಗಳಿಗೆ ಬೋಗಿ. ಹಲಗೆಗೆ ಹೆಬ್ಬಲಸು. ಕಿಸೆ ಗಟ್ಟಿ ಇದ್ದರೆ ಸಾಗುವಾನಿ. ಹೊಸ ಮರದ ತೇವಾಂಶ ಶೇ 12ರಿಂದ 16ರ ನಡುವೆ ಇರಲಿ. ಹಸಿ ಮರ ಹಾಕಿದರೆ ದಡದಲ್ಲೇ ಕುಗ್ಗಿ ಸಂದು ಬಿಡುತ್ತದೆ, ಅತಿಯಾಗಿ ಒಣಗಿದ್ದನ್ನು ಹಾಕಿದರೆ ನೀರಿನಲ್ಲಿ ಉಬ್ಬಿ ಪಕ್ಕೆಯನ್ನೇ ಒಡೆಯುತ್ತದೆ.

ಕ್ರಮ ಹೀಗಿರಲಿ: ಮೊದಲು ಪಕ್ಕೆಮರ, ಆಮೇಲೆ ಹಲಗೆ. ಪಕ್ಕೆಗಳನ್ನು ಒಂದು ಬಿಟ್ಟು ಒಂದರಂತೆ ಬದಲಿಸಿ, ಹಲಗೆಗಳನ್ನೂ ಹಾಗೆಯೇ. ಕೊಳೆತದ್ದೆಲ್ಲವನ್ನೂ ಒಂದೇ ಸಲ ಕಿತ್ತರೆ ಬೋಟಿಗೆ ಆಕಾರ ಹಿಡಿದಿಡಲು ಏನೂ ಉಳಿಯುವುದಿಲ್ಲ. ಹಂತ 1ರಲ್ಲಿ ಕಟ್ಟಿದ ದಾರ ಈಗಲೂ ಅಲ್ಲೇ ಇರಬೇಕು, ವಾರಕ್ಕೊಮ್ಮೆ ಅಳೆಯಿರಿ.

ಹಲಗೆಯನ್ನು ಓರೆಯಾಗಿ ಸೀಳಿ ಜೋಡಿಸುವುದಾದರೆ ಓರೆಯ ಉದ್ದ ಹಲಗೆಯ ದಪ್ಪದ ಎಂಟು ಪಟ್ಟಿಗಿಂತ ಕಡಿಮೆ ಇರಬಾರದು: 25 ಮಿ.ಮೀ. ಹಲಗೆಗೆ 200 ಮಿ.ಮೀ. ತುದಿಗೆ ತುದಿ ತಾಗಿಸುವುದಾದರೆ ಜೋಡಣೆ ಎರಡು ಪಕ್ಕೆಗಳ ನಡುವೆ ಬರಲಿ, ಹಿಂದೆ ದಪ್ಪ ತುಂಡಿನ ಆಸರೆ ಇರಲಿ. ಒಂದರ ಪಕ್ಕದ ಹಲಗೆಯ ಜೋಡಣೆ ಅದೇ ಸಾಲಿನಲ್ಲಿ ಬೀಳದಂತೆ ಕನಿಷ್ಠ ಮೂರು ಪಕ್ಕೆಗಳ ಅಂತರ ಇಡಿ. ತಾಮ್ರದ ಮೊಳೆ ಹೊಡೆದ ಬೋಟಿಗೆ ತಾಮ್ರವನ್ನೇ ಹೊಡೆಯಿರಿ, ಸತು ಲೇಪಿಸಿದ ಕಬ್ಬಿಣ ಇದ್ದರೆ ಅದನ್ನೇ. ಎರಡನ್ನೂ ಬೆರೆಸಿದರೆ ಉಪ್ಪುನೀರಿನಲ್ಲಿ ಕಬ್ಬಿಣ ಬೇಗ ಕರಗುತ್ತದೆ.

ಎಂಜಿನ್ ಕೂರುವ ಉದ್ದ ಮರಗಳಲ್ಲಿ ಒಂದಿಷ್ಟು ಮೆತ್ತಗಿದ್ದರೂ ಪೂರ್ತಿ ಬದಲಿಸಿ. ತೇಪೆ ಹಾಕಿದ ಮರದ ಮೇಲೆ ಶಾಫ್ಟಿನ ನೇರ ಒಂದು ಹಂಗಾಮು ಕೂಡ ನಿಲ್ಲುವುದಿಲ್ಲ.

ಒಳಮೈಗೆ, ಮರ ಪೂರ್ತಿ ಒಣಗಿದ ಮೇಲೆ, ಗೇರುಬೀಜದ ಸಿಪ್ಪೆಯ ಎಣ್ಣೆ ಬಳಿಯುವುದು ನಮ್ಮ ಕರಾವಳಿಯ ರೂಢಿ. ಒಳ್ಳೆಯ ರೂಢಿ. ಆದರೆ ಆ ಎಣ್ಣೆ ಚರ್ಮ ಸುಡುತ್ತದೆ, ಕೈಗವಸು, ಕನ್ನಡಕ ಇಲ್ಲದೆ ಮುಟ್ಟಬೇಡಿ. ಹೊರಮೈಗೆ ಬಣ್ಣ ಹಚ್ಚುವ ಯೋಚನೆ ಇದ್ದರೆ ಅಲ್ಲಿಗೆ ಎಣ್ಣೆ ಬಳಿಯಬೇಡಿ, ಬಣ್ಣ ನಿಲ್ಲುವುದಿಲ್ಲ.

ಇಲ್ಲಿ ಒಂದು ಮಾತು ಖಡಾಖಂಡಿತವಾಗಿ ಹೇಳಬೇಕು. ಸೋರುವ ಹಲಗೆ ಬೋಟಿಗೆ ಮೇಲಿನಿಂದ ಫೈಬರ್ ಹೊದಿಸಿದರೆ ಮುಗಿಯಿತು ಎಂದು ಯಾರು ಹೇಳಿದರೂ ಒಪ್ಪಬೇಡಿ. ಹಳೆಯ ಮರದೊಳಗೆ ನೀರು ಇದ್ದೇ ಇರುತ್ತದೆ. ಹೊರಗಿನ ಫೈಬರ್ ಅದನ್ನು ಒಳಗೇ ಕೂಡಿಹಾಕುತ್ತದೆ. ಮರ ಉಬ್ಬುತ್ತದೆ, ಕುಗ್ಗುತ್ತದೆ, ಫೈಬರ್ ಅಲುಗುವುದಿಲ್ಲ. ಎರಡು ಮೂರು ಮಳೆಗಾಲದಲ್ಲಿ ಅಂಟು ಬಿಡುತ್ತದೆ, ಒಳಗೆ ಮರ ಗೊಬ್ಬರವಾಗಿರುತ್ತದೆ. ಹೀಗೆ ಸುಲಿದು ನೋಡಿದಾಗ ಕೈಯಲ್ಲಿ ಬಾಚುವಂತಾಗಿದ್ದ ಹಲಗೆಗಳನ್ನು ನಾನು ಕಣ್ಣಾರೆ ಕಂಡಿದ್ದೇನೆ. ಆ ಬೋಟುಗಳನ್ನು ಉಳಿಸಲು ಆಗಲಿಲ್ಲ.

## ಹಂತ 5: ಸಂದು ತುಂಬುವುದು

ಹಳೆಯ ಹತ್ತಿಯನ್ನು ಕೊಕ್ಕೆಯಿಂದ ಎಳೆಯಿರಿ. ಗ್ರೈಂಡರ್ ಹಿಡಿಯಬೇಡಿ. ಅದು ಸಂದನ್ನು ಅಗಲ ಮಾಡುತ್ತದೆ, ಒಮ್ಮೆ ಅಗಲವಾದ ಸಂದು ಮತ್ತೆ ಹತ್ತಿಯನ್ನು ಹಿಡಿಯುವುದಿಲ್ಲ. ಸಂದು ಹೊರಗೆ ಅಗಲ, ಒಳಗೆ ಕಿರಿದಾಗಿರಬೇಕು. ಒಳಗಿನ ಅಂಚುಗಳು ಒಂದಕ್ಕೊಂದು ತಾಗಿರಬೇಕು.

ಹತ್ತಿಯ ಹುರಿಯನ್ನು ಸಣ್ಣ ಸಣ್ಣ ಮಡಿಕೆ ಮಾಡುತ್ತಾ ಮೊಂಡು ಉಳಿಯಿಂದ ಒತ್ತಿ, ಆಮೇಲೆ ಕೊಡತಿಯಿಂದ ಹದವಾಗಿ ಹೊಡೆಯಿರಿ. ಎಷ್ಟು ಗಟ್ಟಿ? ಹೆಬ್ಬೆರಳಿನಿಂದ ಒತ್ತಿದರೆ ತಗ್ಗಬಾರದು, ಅಷ್ಟೇ. ಜನ ಎಡವುವುದು ಸಡಿಲ ತುಂಬಿ ಅಲ್ಲ, ಅತಿಯಾಗಿ ಬಿಗಿದು. ನೀರಿಗಿಳಿದ ಹಲಗೆ ಉಬ್ಬುವಾಗ ಅದಕ್ಕೆ ಜಾಗ ಬೇಕು. ಜಾಗ ಇಲ್ಲದಿದ್ದರೆ ಮೊಳೆ ಕೀಳುತ್ತದೆ ಅಥವಾ ಪಕ್ಕೆ ಒಡೆಯುತ್ತದೆ.

ಹತ್ತಿಯ ಮೇಲೆ ಬಣ್ಣದ ಒಂದು ಕೋಟು, ಅದು ಆರಿದ ಮೇಲೆ ಮೆತುವಾಗಿ ಉಳಿಯುವ ಪುಟ್ಟಿ. ಇಪಾಕ್ಸಿಯಂತಹ ಕಲ್ಲಾಗುವ ಅಂಟು ಸಂದಿಗೆ ಬೇಡವೇ ಬೇಡ. ಪುಟ್ಟಿಯನ್ನು ಹಲಗೆಯ ಮಟ್ಟಕ್ಕಿಂತ ಒಂದು ಮಿ.ಮೀ. ತಗ್ಗಿಸಿಯೇ ಬಿಡಿ. ಈಗ ಸಪಾಟಾಗಿ ಚೆಂದ ಕಂಡದ್ದು ನೀರಿನಲ್ಲಿ ಹೊರಕ್ಕೆ ಉಬ್ಬಿ ಬಣ್ಣವನ್ನು ಒಡೆಯುತ್ತದೆ. ಅಡಿಗೆ ಹುಳು, ಚಿಪ್ಪು ತಡೆಯುವ ತಾಮ್ರದ ಬಣ್ಣ ಬಳಿಯುವುದು ನೀರಿಗಿಳಿಸುವ ವಾರದಲ್ಲಿ, ಈಗಲ್ಲ. ಹಳೆಯ ಬಣ್ಣವನ್ನು ಒಣದಾಗಿ ಉಜ್ಜಬೇಡಿ. ಅದರಲ್ಲಿ ಸೀಸ ಇರಬಹುದು. ನೀರು ಹಾಕಿ ಉಜ್ಜಿ, ಮಾಸ್ಕ್ ಧರಿಸಿ.

## ಹಂತ 6: ಎಂಜಿನ್ ಬಿಚ್ಚಿ ಅಳೆಯುವುದು

ಬಿಚ್ಚುವಾಗ ಎರಡೇ ನಿಯಮ. ಪ್ರತಿಯೊಂದು ಬೇರಿಂಗ್ ಕ್ಯಾಪ್‌ಗೂ ರಾಡ್‌ಗೂ ಪಂಚ್‌ನಿಂದ ಗುರುತು ಹೊಡೆಯಿರಿ. ಒಂದರ ಕ್ಯಾಪ್ ಇನ್ನೊಂದಕ್ಕೆ ಹೋಗಬಾರದು, ದಿಕ್ಕೂ ತಿರುಗಬಾರದು. ಅಳತೆ ಮುಗಿಯುವವರೆಗೆ ಹೊಸ ಭಾಗ ಕೊಳ್ಳಬೇಡಿ. ಪಿಸ್ಟನ್, ರಿಂಗ್, ಬೇರಿಂಗ್ ಎಲ್ಲವನ್ನೂ ಮೊದಲೇ ತಂದಿಟ್ಟು, ಕ್ರ್ಯಾಂಕ್ 0.25 ಮಿ.ಮೀ. ಸಾಣೆ ಹಿಡಿಸಬೇಕಾದಾಗ ಮಾಮೂಲಿ ಅಳತೆಯ ಬೇರಿಂಗ್ ಕೈಯಲ್ಲಿ ಹಿಡಿದು ನಿಂತವರು ಬಹಳ ಮಂದಿ.

ಲೈನರನ್ನು ಮೇಲೆ, ನಡುವೆ, ಕೆಳಗೆ ಮೂರು ಎತ್ತರದಲ್ಲಿ, ಪ್ರತಿ ಎತ್ತರದಲ್ಲೂ ಎರಡು ದಿಕ್ಕಿಗೆ, ಒಟ್ಟು ಆರು ಕಡೆ ಅಳೆಯಿರಿ. ಸವೆತ ಹೆಚ್ಚಿರುವುದು ಮೇಲಿನ ರಿಂಗ್ ತಲುಪುವ ಜಾಗದಲ್ಲಿ. ಅಲ್ಲಿ ಉಗುರಿಗೆ ಮೆಟ್ಟಿಲು ಸಿಕ್ಕರೆ ಬರೀ ಹೊಸ ರಿಂಗ್ ಹಾಕಿ ಮುಗಿಸಬೇಡಿ. ಹೊಸ ರಿಂಗ್ ಆ ಮೆಟ್ಟಿಲಿಗೆ ಬಡಿದು ಮುರಿಯುತ್ತದೆ. ಕ್ರ್ಯಾಂಕಿನ ಪಿನ್ನನ್ನೂ ಎರಡು ದಿಕ್ಕಿಗೆ ಅಳೆಯಿರಿ, ಅದು ಮೊಟ್ಟೆಯಾಕಾರವಾಗಿ ಸವೆಯುತ್ತದೆ. ಸಿಲಿಂಡರಿನ ಮೇಲಿನ ಮುಚ್ಚಳವಾದ ಹೆಡ್ಡನ್ನು ಬಿರುಕಿಗೂ ಸಪಾಟಿಗೂ ನೋಡಿಸಿ.

ನೀರು ಹರಿಯುವ ದಾರಿಗಳನ್ನು ಮರೆಯಬೇಡಿ. ಸಮುದ್ರದ ನೀರಿನಿಂದ ನೇರವಾಗಿ ತಂಪಾಗುವ ಎಂಜಿನ್ ಆದರೆ ಒಳಗೆ ಉಪ್ಪಿನ ಬಿಳಿ ಹೆಪ್ಪು ಕಟ್ಟಿರುತ್ತದೆ. ಕಂಬಿಯಿಂದ ಕೆರೆದು, ಹೆಪ್ಪು ಕರಗಿಸುವ ದ್ರಾವಣ ಹಾಕಿ, ಬೇಕಾದಷ್ಟು ಸಿಹಿನೀರಿನಿಂದ ತೊಳೆಯಿರಿ. ಹೊಸ ಪಿಸ್ಟನ್ ಹಾಕಿಯೂ ಎಂಜಿನ್ ಅತಿಯಾಗಿ ಬಿಸಿಯಾಗುತ್ತದೆ ಎಂದರೆ ಹತ್ತರಲ್ಲಿ ಒಂಬತ್ತು ಸಲ ಈ ಕೆಲಸ ಬಿಟ್ಟುಹೋಗಿರುತ್ತದೆ.

ಇಂಜೆಕ್ಟರ್ ಮತ್ತು ಡೀಸೆಲ್ ಪಂಪನ್ನು ಮನೆಯಲ್ಲಿ ಬಿಚ್ಚಬೇಡಿ, ಪಂಪ್ ಕೆಲಸದವರಿಗೇ ಕೊಡಿ. ಇಂಜೆಕ್ಟರ್ ಪರೀಕ್ಷಿಸುವಾಗ ಅದರ ಮುಂದೆ ಕೈ ಒಡ್ಡಬಾರದು. ಆ ಒತ್ತಡದ ಡೀಸೆಲ್ ಚರ್ಮವನ್ನು ತೂರಿ ಒಳಹೋಗುತ್ತದೆ. ಹಾಗಾದರೆ ನೋವು ಇಲ್ಲದಿದ್ದರೂ ತಕ್ಷಣ ಆಸ್ಪತ್ರೆಗೆ ಹೋಗಬೇಕು.

## ಹಂತ 7: ಜೋಡಿಸುವುದು

ಗುಡಿಸಿದ ನೆಲ, ಮುಚ್ಚಿದ ಕೋಣೆ. ಮರ ಉಜ್ಜುವ ಜಾಗದ ಪಕ್ಕದಲ್ಲಿ ಎಂಜಿನ್ ಜೋಡಿಸಬಾರದು.

ಲೈನರ್ ಕೂರಿಸಿ, ರಬ್ಬರ್ ರಿಂಗುಗಳನ್ನು ಸಾಬೂನು ನೀರಿನಿಂದ ಜಾರಿಸಿ ಹಾಕಿದ ಮೇಲೆ ಅಲ್ಲಿಗೇ ನಿಲ್ಲಿಸಿ. ಬ್ಲಾಕಿನೊಳಗೆ ನೀರು ತುಂಬಿ ಒಂದು ರಾತ್ರಿ ಬಿಡಿ. ಬೆಳಿಗ್ಗೆ ಕೆಳಗೆ ಹಾಸಿದ ಕಾಗದ ಒಣಗಿದ್ದರೆ ಮಾತ್ರ ಮುಂದಿನ ಕೆಲಸ. ಈ ಒಂದು ರಾತ್ರಿಯನ್ನು ಉಳಿಸಲು ಹೋದವರು ಆಮೇಲೆ ಹಾಲಿನಂತೆ ಬಿಳಿಚಿದ ಆಯಿಲನ್ನು ಕಂಡು ಇಡೀ ಎಂಜಿನ್ ಮತ್ತೆ ಬಿಚ್ಚಿದ್ದಾರೆ.

ರಿಂಗನ್ನು ಪಿಸ್ಟನ್‌ಗೆ ಹಾಕುವ ಮೊದಲು ಲೈನರಿನೊಳಗೆ ನೇರವಾಗಿ ತಳ್ಳಿ, ಬಾಯಿಯ ಅಂತರವನ್ನು ಫೀಲರ್ ಗೇಜಿನಿಂದ ಅಳೆಯಿರಿ. 100 ಮಿ.ಮೀ. ಸಿಲಿಂಡರಿಗೆ 0.30ರಿಂದ 0.40 ಮಿ.ಮೀ. ಇರಬೇಕು. ಕಡಿಮೆ ಇದ್ದರೆ ಬಿಸಿಯಾದಾಗ ತುದಿಗಳು ತಾಗಿ ಲೈನರನ್ನು ಗೀರುತ್ತವೆ. ಪಿಸ್ಟನ್ ಮೇಲೆ ಹಾಕುವಾಗ ರಿಂಗುಗಳ ಬಾಯಿಗಳು ಒಂದೇ ಸಾಲಿನಲ್ಲಿ ಬರದಂತೆ ಸುತ್ತಲೂ ಹಂಚಿ.

ಹೆಡ್ಡಿಗೂ ಪಿಸ್ಟನ್ನಿಗೂ ನಡುವಿನ ಅಂತರವನ್ನು ಅಂದಾಜಿಗೆ ಬಿಡಬೇಡಿ. ಮೆತ್ತನೆಯ ಸೀಸದ ತಂತಿಯ ಎರಡು ಚೂರನ್ನು ಪಿಸ್ಟನ್ ತಲೆಯ ಮೇಲೆ, ಪಿಸ್ಟನ್ ಪಿನ್ನಿನ ಸಾಲಿನಲ್ಲಿ ಗ್ರೀಸ್‌ನಿಂದ ಅಂಟಿಸಿ, ಹೆಡ್ ಬಿಗಿದು, ಕೈಯಿಂದ ನಿಧಾನವಾಗಿ ಒಂದು ಸುತ್ತು ತಿರುಗಿಸಿ. ಹೆಡ್ ತೆಗೆದು ಚಪ್ಪಟೆಯಾದ ತಂತಿಯನ್ನು ಮೈಕ್ರೋಮೀಟರಿನಲ್ಲಿ ಹಿಡಿದಾಗ ಬರುವ ಅಂಕಿಯೇ ನಿಜವಾದ ಅಂತರ. ಅದನ್ನು ಕೈಪಿಡಿಯೊಂದಿಗೆ ತಾಳೆ ನೋಡಿ, ಗ್ಯಾಸ್ಕೆಟಿನ ದಪ್ಪದಿಂದ ಹೊಂದಿಸಿ.

ಹೆಡ್ ಬೋಲ್ಟುಗಳನ್ನು ನಡುವಿನಿಂದ ಹೊರಕ್ಕೆ, ಮೂರು ಸುತ್ತಿನಲ್ಲಿ ಬಿಗಿಯಿರಿ. ಒಂದೇ ಸುತ್ತಿಗೆ ಪೂರ್ತಿ ಬಿಗಿದರೆ ಹೆಡ್ ಸೊಟ್ಟಗಾಗುತ್ತದೆ.

ಬೋಟಿಗೆ ಇಳಿಸುವ ಮೊದಲು ನೆಲದ ಮೇಲೆಯೇ ಗಟ್ಟಿ ಚೌಕಟ್ಟಿಗೆ ಬಿಗಿದು, ಡ್ರಮ್ಮಿನಿಂದ ನೀರು ಕೊಟ್ಟು ಓಡಿಸಿ. ಡೀಸೆಲ್ ದಾರಿಯ ಗಾಳಿಯನ್ನು ಮೊದಲು ಸೋಸುಕದಲ್ಲಿ, ಆಮೇಲೆ ಪಂಪಿನಲ್ಲಿ, ಕೊನೆಗೆ ಇಂಜೆಕ್ಟರಿನ ನಟ್ಟಿನಲ್ಲಿ ಹೊರಬಿಡಿ. ಆಯಿಲ್ ಒತ್ತಡ ಕೆಲವೇ ಸೆಕೆಂಡುಗಳಲ್ಲಿ ಏರದಿದ್ದರೆ ನಿಲ್ಲಿಸಿ.

## ಹಂತ 8: ಶಾಫ್ಟ್ ಮತ್ತು ಗ್ಲ್ಯಾಂಡ್

ಶಾಫ್ಟನ್ನು ಲೇತ್‌ನಲ್ಲಿ ತಿರುಗಿಸಿ ನೇರ ನೋಡಿಸಿ. ಗ್ಲ್ಯಾಂಡ್ ಕೂರುವ ಜಾಗದಲ್ಲಿ ಗೆರೆ ಬಿದ್ದಿದ್ದರೆ ಹೊಸ ಹುರಿ ಎಷ್ಟು ತುಂಬಿದರೂ ಸೋರುತ್ತದೆ. ಹಿಂದಿನ ರಬ್ಬರ್ ಬೇರಿಂಗಿನಲ್ಲಿ ಫ್ಯಾನಿನ ತುದಿ ಹಿಡಿದು ಅಲುಗಿಸಿದಾಗ ಕಣ್ಣಿಗೆ ಕಾಣುವಷ್ಟು ಆಟ ಇದ್ದರೆ ಬದಲಿಸಿ.

ಗ್ಲ್ಯಾಂಡಿನ ಹುರಿಯನ್ನು ಸುರುಳಿಯಾಗಿ ಸುತ್ತಬಾರದು. ಬೇರೆ ಬೇರೆ ಉಂಗುರಗಳಾಗಿ, ತುದಿ ಓರೆಯಾಗಿ ಕತ್ತರಿಸಿ, ಒಂದೊಂದರ ಜೋಡಣೆ ಒಂದೊಂದು ದಿಕ್ಕಿಗೆ ಬರುವಂತೆ ಕೂರಿಸಿ. ನಟ್ಟನ್ನು ಕೈಯಲ್ಲಿ ಬಿಗಿಯುವಷ್ಟೇ ಸಾಕು. ಎಂಜಿನ್ನನ್ನು ಹಳೆಯ ಗುರುತಿಗೆ ಇಳಿಸಿ, ಗೇರ್‌ಬಾಕ್ಸನ್ನೂ ಶಾಫ್ಟನ್ನೂ ಸೇರಿಸುವ ಕಪ್ಲಿಂಗನ್ನು ಸುಮಾರಾಗಿ ಹೊಂದಿಸಿ, ಬೋಲ್ಟು ಹಾಕದೆ ಬಿಡಿ.

## ಹಂತ 9: ನೀರಿಗೆ

ಇಳಿಸುವ ಒಂದು ವಾರ ಮೊದಲಿನಿಂದ ಒಳಗೆ ಒದ್ದೆ ಗೋಣಿಚೀಲ ಹಾಸಿ, ದಿನಕ್ಕೆರಡು ಸಲ ಉಪ್ಪುನೀರು ಚಿಮುಕಿಸಿ. ಸಿಹಿನೀರು ಬೇಡ. ಹುಣ್ಣಿಮೆ ಅಥವಾ ಅಮಾವಾಸ್ಯೆಯ ಉಬ್ಬರ ಹಿಡಿದು ಇಳಿಸಿ. ನೀರು ಹೆಚ್ಚು ಏರುತ್ತದೆ, ಬೋಟು ತಾನಾಗಿ ತೇಲುತ್ತದೆ.

ಸೋರುತ್ತದೆ. ಗಾಬರಿಯಾಗಬೇಡಿ. ಫ್ಲೋಟ್ ಸ್ವಿಚ್ ಇರುವ ಪಂಪು, ತುಂಬಿದ ಬ್ಯಾಟರಿ, ಕೈಪಂಪು, ರಾತ್ರಿ ಕಾಯಲು ಒಬ್ಬ ಮನುಷ್ಯ, ಇಷ್ಟು ಬೇಕು. ಒಂದರಿಂದ ಮೂರು ದಿನದಲ್ಲಿ ಮರ ಉಬ್ಬಿ ಸಂದುಗಳು ಮುಚ್ಚಿಕೊಳ್ಳುತ್ತವೆ. ಈ ಮೂರು ದಿನ ಹೊರಗಿನಿಂದ ಏನನ್ನೂ ತುರುಕಬೇಡಿ. ನೋಡಬೇಕಾದದ್ದು ನೀರಿನ ಪ್ರಮಾಣವನ್ನಲ್ಲ, ಅದು ದಿನದಿನಕ್ಕೆ ಇಳಿಯುತ್ತಿದೆಯೇ ಎಂಬುದನ್ನು. ಪಂಪು ಗಂಟೆಗೆ ಎಷ್ಟು ಸಲ ಓಡಿತು ಎಂದು ಬರೆಯಿರಿ. ನಾಲ್ಕನೆಯ ದಿನವೂ ಅಷ್ಟೇ ಓಡುತ್ತಿದ್ದರೆ ಮೇಲೆಳೆಯಬೇಕು. ಒಂದೇ ಜಾಗದಿಂದ ಧಾರೆಯಾಗಿ ಬರುತ್ತಿದ್ದರೆ ಅದು ಸಂದಲ್ಲ, ಮೊಳೆಯ ತೂತು ಅಥವಾ ಸೀಳು. ಅದಕ್ಕೆ ಮೂರು ದಿನ ಕಾಯಬೇಡಿ.

## ಹಂತ 10: ನೀರಿನ ಮೇಲೆ ಶಾಫ್ಟ್ ಜೋಡಣೆ

ಎಲ್ಲರೂ ದಡದಲ್ಲೇ ಮುಗಿಸಿಬಿಡುವ ಕೆಲಸ ಇದು. ನಾನೂ ಮೊದಲ ಬೋಟಿನಲ್ಲಿ ಹಾಗೆಯೇ ಮಾಡಿದ್ದೆ. ದಡದಲ್ಲಿ 0.05 ಮಿ.ಮೀ.ಗೆ ಹೊಂದಿಸಿದ್ದ ಕಪ್ಲಿಂಗ್ ನೀರಿನಲ್ಲಿ ಮೂರು ದಿನ ಕಳೆದ ಮೇಲೆ ಕೆಳಗಡೆ 0.6 ಮಿ.ಮೀ. ಬಾಯಿಬಿಟ್ಟಿತ್ತು. ದಡದಲ್ಲಿ ದಿಮ್ಮಿಯ ಮೇಲೆ ಕೂತ ಬೋಟಿನ ಆಕಾರ ಬೇರೆ, ನೀರು ಎಲ್ಲ ಕಡೆಯಿಂದ ಹೊತ್ತ ಬೋಟಿನ ಆಕಾರ ಬೇರೆ.

ಮರ ಉಬ್ಬಿ ಮುಗಿದ ಮೇಲೆ, ಡೀಸೆಲ್ ಟ್ಯಾಂಕು, ಬ್ಯಾಟರಿ, ಲಂಗರು ಎಲ್ಲವೂ ತಮ್ಮ ಜಾಗದಲ್ಲಿ ಇರುವಾಗ ಶುರುಮಾಡಿ. ಶಾಫ್ಟ್ ತನ್ನ ಭಾರಕ್ಕೆ ಜೋಲುತ್ತದೆ, ಅದನ್ನು ಅದು ಹಾದುಹೋಗುವ ಕೊಳವೆಯ ನಡುವಿಗೆ ಎತ್ತಿ ಆಸರೆ ಕೊಡಿ. ಕಪ್ಲಿಂಗಿನ ಎರಡು ಮುಖಗಳನ್ನು ಹತ್ತಿರ ತಂದು ಮೇಲೆ, ಕೆಳಗೆ, ಎಡ, ಬಲ ನಾಲ್ಕೂ ಕಡೆ ಫೀಲರ್ ಗೇಜ್ ತೂರಿಸಿ. 100 ಮಿ.ಮೀ. ಕಪ್ಲಿಂಗಿಗೆ ಅತಿ ಹೆಚ್ಚು ಮತ್ತು ಅತಿ ಕಡಿಮೆ ಅಂತರಗಳ ವ್ಯತ್ಯಾಸ 0.1 ಮಿ.ಮೀ. ಮೀರಬಾರದು. ಮೇಲೆ ಕೆಳಗಿನದನ್ನು ಕಾಲುಗಳ ತಗಡಿನಿಂದ ಹೊಂದಿಸಿ, ಎಡ ಬಲದ್ದನ್ನು ಆಮೇಲೆ. ಶಾಫ್ಟನ್ನು ಅರ್ಧ ಸುತ್ತು ತಿರುಗಿಸಿ ಮತ್ತೆ ಅಳೆಯಿರಿ. ಬಾಯಿಬಿಟ್ಟ ಜಾಗ ಶಾಫ್ಟಿನ ಜೊತೆಗೆ ತಿರುಗಿದರೆ ತಪ್ಪು ಜೋಡಣೆಯದ್ದಲ್ಲ, ಶಾಫ್ಟ್ ಅಥವಾ ಕಪ್ಲಿಂಗ್ ಬಾಗಿದೆ. ಕಾಲುಗಳ ಬೋಲ್ಟು ಬಿಗಿದ ಮೇಲೆ ಇನ್ನೊಮ್ಮೆ ಅಳೆಯಿರಿ, ಬಿಗಿಯುವಾಗಲೇ ಸರಿಯುತ್ತದೆ. ಈ ಕೆಲಸಕ್ಕೆ ಅರ್ಧ ದಿನ ಹಿಡಿಯುವುದು ಸಹಜ.

## ಹಂತ 11: ಮೊದಲ 25 ಗಂಟೆ

ಸ್ಟಾರ್ಟ್ ಮಾಡುವಾಗ ಮೊದಲ ಪ್ರಯತ್ನಕ್ಕೆ ಹಿಡಿಯದಿದ್ದರೆ ಸಮುದ್ರದ ನೀರಿನ ವಾಲ್ವ್ ಮುಚ್ಚಿ ಪ್ರಯತ್ನಿಸಿ. ಹೊಗೆಯ ಜೊತೆ ನೀರು ಹೊರಹೋಗುವ ಏರ್ಪಾಡಿರುವ ಬೋಟುಗಳಲ್ಲಿ, ಎಂಜಿನ್ ಹಿಡಿಯದೆ ಸುಮ್ಮನೆ ತಿರುಗುತ್ತಿದ್ದರೆ ಆ ನೀರು ಹಿಂದಿರುಗಿ ಸಿಲಿಂಡರಿಗೆ ಬರುತ್ತದೆ. ಹಿಡಿದ ಕ್ಷಣವೇ ವಾಲ್ವ್ ತೆರೆಯಿರಿ. ಹೊರಗೆ ನೀರು ಬೀಳುತ್ತಿದೆಯೇ ಎಂದು ಇಣುಕಿ ನೋಡಿ. ಬರದಿದ್ದರೆ ಪಂಪಿನ ರಬ್ಬರ್ ಎಲೆಗಳು ನಿಮಿಷದೊಳಗೆ ಸುಟ್ಟುಹೋಗುತ್ತವೆ.

ಹೊಸ ರಿಂಗ್ ಕೂರಬೇಕಾದರೆ ಎಂಜಿನ್‌ಗೆ ಹದವಾದ ಹೊರೆ ಬೇಕು. ದಕ್ಕೆಯಲ್ಲಿ ಕಟ್ಟಿ ಗಂಟೆಗಟ್ಟಲೆ ಖಾಲಿ ಓಡಿಸುವುದು ಒಳ್ಳೆಯದಲ್ಲ, ಲೈನರ್ ಮೈ ನಯವಾಗಿ ಹೊಳಪು ಹಿಡಿದು ಆಯಿಲ್ ಕುಡಿಯಲು ಶುರುವಾಗುತ್ತದೆ. ಹೊಳೆಯೊಳಗೇ ಅರ್ಧ ವೇಗದಲ್ಲಿ, ಏರಿಸುತ್ತಾ ಇಳಿಸುತ್ತಾ ಓಡಿಸಿ. ಅಳಿವೆ ದಾಟಿ ಕಡಲಿಗೆ ಹೋಗುವುದು ಈ ಗಂಟೆಗಳು ಮುಗಿದ ಮೇಲೆ, ಆಗಲೂ ಲೈಫ್ ಜಾಕೆಟ್ ಧರಿಸಿ, ಜೊತೆಗೆ ಇನ್ನೊಂದು ಬೋಟು ಇರಲಿ. ಸಮುದ್ರದ ನೀರಿನಿಂದ ನೇರ ತಂಪಾಗುವ ಎಂಜಿನ್ 60 ಡಿಗ್ರಿ ಸೆಲ್ಸಿಯಸ್ ಮೀರದಂತೆ ನೋಡಿಕೊಳ್ಳಿ, ಮೀರಿದರೆ ಉಪ್ಪು ಮತ್ತೆ ಹೆಪ್ಪುಗಟ್ಟುತ್ತದೆ.

ಗ್ಲ್ಯಾಂಡ್ ಓಡುವಾಗ ನಿಮಿಷಕ್ಕೆ ಕೆಲವು ಹನಿ ತೊಟ್ಟಿಕ್ಕಬೇಕು. ಪೂರ್ತಿ ಒಣಗಿಸಲು ಬಿಗಿದರೆ ಶಾಫ್ಟ್ ಸುಡುತ್ತದೆ. ಕೈ ಇಟ್ಟು ನೋಡುವುದಾದರೆ ಎಂಜಿನ್ ನಿಲ್ಲಿಸಿ, ಶಾಫ್ಟ್ ನಿಂತ ಮೇಲೆ ಗ್ಲ್ಯಾಂಡಿನ ಮೈ ಮುಟ್ಟಿ. ಬೆಚ್ಚಗಿದ್ದರೆ ಸರಿ, ಕೈ ಇಡಲಾಗದಿದ್ದರೆ ಸಡಿಲಿಸಿ.

ಮೊದಲ ಕೆಲವು ಗಂಟೆಗಳ ನಂತರ, ಎಂಜಿನ್ ತಣಿದ ಮೇಲೆ, ಕೈಪಿಡಿ ಹೇಳಿದಂತೆ ಹೆಡ್ ಬೋಲ್ಟುಗಳನ್ನು ಮತ್ತೆ ಬಿಗಿದು ವಾಲ್ವ್ ಅಂತರ ಸರಿಪಡಿಸಿ. 25 ಗಂಟೆಗೆ ಆಯಿಲ್ ಮತ್ತು ಅದರ ಸೋಸುಕ ಬದಲಿಸಿ. ತೆಗೆದ ಹಳೆಯ ಆಯಿಲನ್ನು ಬಿಳಿ ತಟ್ಟೆಯಲ್ಲಿ ಸುರಿದು ಬಿಸಿಲಿಗೆ ಹಿಡಿಯಿರಿ. ತೆಳುವಾದ ಬೂದು ಹುಡಿ ಸಹಜ. ಹೊಳೆಯುವ ಚೂರುಗಳಿದ್ದರೆ ಬೇರಿಂಗ್ ಬಿಚ್ಚಿ ನೋಡಬೇಕು. ಅದೇ ದಿನ ಕಪ್ಲಿಂಗಿನ ಬೋಲ್ಟು ತೆಗೆದು ನಾಲ್ಕೂ ಕಡೆ ಫೀಲರ್ ಗೇಜ್ ಇನ್ನೊಮ್ಮೆ ತೂರಿಸಿ, ಸಿಕ್ಕ ಅಂಕಿಗಳನ್ನು ಎಂಜಿನ್ ಮರದ ಪಕ್ಕದಲ್ಲೇ ಬಣ್ಣದಲ್ಲಿ ಬರೆದಿಡಿ. ಮುಂದಿನ ವರ್ಷ ಅಳೆಯುವವರಿಗೆ ಅದು ಬೇಕಾಗುತ್ತದೆ.